ಎಮ್ಮೆ ಮೂಸಿ ಬಿಟ್ಟ ಕಾಳು

ನಮ್ಮ ಮನೆಯಲ್ಲಿ ಏನು ತಿನ್ನಬಹುದು, ಏನು ತಿನ್ನಬಾರದು ಎಂದು ತೀರ್ಮಾನ ಮಾಡುವುದು ಡಾಕ್ಟರಲ್ಲ, ನಾನಲ್ಲ, ನನ್ನ ಗಂಡ ಶಿವು ಅಂತೂ ಮೊದಲೇ ಅಲ್ಲ. ನಮ್ಮ ಎಮ್ಮೆ. ತಮಾಷೆಗೆ ಹೇಳುತ್ತಿಲ್ಲ. ಅಕ್ಕಿ ತೊಳೆದ ನೀರು, ಬೇಳೆ ತೊಳೆದ ನೀರು ಎಲ್ಲಾ ಕಲಗಚ್ಚಿನ ಬಾನಿಗೆ ಸೇರಿ ಸಂಜೆ ಎಮ್ಮೆಯ ಮುಂದೆ ಹೋಗುತ್ತದೆ. ಎಮ್ಮೆ ಕುಡಿದರೆ ಸರಿ. ಮೂಸಿ ಮುಖ ತಿರುಗಿಸಿತೋ, ಆವತ್ತಿನ ಅಕ್ಕಿಯಲ್ಲೋ ಬೇಳೆಯಲ್ಲೋ ಏನೋ ದೋಷವಿದೆ ಎಂದು ನನ್ನ ಅತ್ತೆ ಓಬವ್ವ ತೀರ್ಪು ಕೊಟ್ಟುಬಿಡುತ್ತಾರೆ. ಒಂದು ಸಲ ಎಮ್ಮೆಗೆ ಜ್ವರ ಬಂದು ಬಾನಿ ಮುಟ್ಟದಿದ್ದಾಗ ಹೊಸ ತೊಗರಿಬೇಳೆಯ ಚೀಲವೇ ಅಂಗಡಿಗೆ ವಾಪಸ್ ಹೋಯಿತು. ಮದುವೆಯಾಗಿ ಹನ್ನೊಂದು ವರ್ಷದಿಂದ ಈ ಕೋರ್ಟಿನ ಮುಂದೆ ನಾನು ಕೈ ಕಟ್ಟಿ ನಿಂತಿದ್ದೇನೆ.

ನಾನು ಗಂಗಾ. ಮತ್ತೋಡಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತೇನೆ. ನೂರೆಂಬತ್ತು ಮಕ್ಕಳು ನನ್ನ ಕೈಯ ಸಾರು ಉಂಡು ಎರಡನೇ ಸಲ ತಟ್ಟೆ ಒಡ್ಡುತ್ತವೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಪಟ್ಟ ಪಾಡು ಕೇಳಿ ಇವಳಿಗೆ ಒಲೆ ಹಚ್ಚಲೂ ಬರುವುದಿಲ್ಲ ಎಂದುಕೊಂಡೀರಿ. ಸಿಟ್ಟು ಮಾತ್ರ ನನಗೆ ಮೂಗಿನ ತುದಿಯಲ್ಲೇ ಇದೆ, ಅದನ್ನು ಒಪ್ಪಿಕೊಳ್ಳುತ್ತೇನೆ.

ನನ್ನ ಮಾವ ಯತ್ತಪ್ಪ ಕುರಿಯವರು. ನೂರಿಪ್ಪತ್ತು ಕುರಿ. ಕಾರ್ತಿಕ ಕಳೆಯುತ್ತಿದ್ದಂತೆ ಹಟ್ಟಿಯ ಇನ್ನೂ ನಾಲ್ವರ ಜೊತೆ ಭದ್ರಾ ನೀರಿನ ಬಯಲಿನ ಕಡೆ ಕುರಿ ಹೊಡೆದುಕೊಂಡು ಹೊರಡುತ್ತಾರೆ. ಕೊಯ್ಲಾದ ಗದ್ದೆಗಳಲ್ಲಿ ಮಂದೆ ನಿಲ್ಲಿಸಿಕೊಂಡು, ಊರಿಂದೂರಿಗೆ ಸಾಗುತ್ತಾ, ಮುಂಗಾರು ಹನಿ ಬಿದ್ದ ಮೇಲೆ ವಾಪಸ್ ಬರುತ್ತಾರೆ. ಹದಿನಾಲ್ಕನೇ ವಯಸ್ಸಿನಿಂದ ಒಂದು ವರ್ಷವೂ ತಪ್ಪಿಲ್ಲ. ಈಗ ಅರವತ್ಮೂರು. ಮಲಗಿದಲ್ಲಿಂದಲೇ ಕೆಮ್ಮು ಕೇಳಿ ಇದು ಯಾವ ಕುರಿ ಎಂದು ಹೇಳುವ ಮನುಷ್ಯ.

ಈ ಸಲದ ನಾಗರಪಂಚಮಿ ಕಳೆದು ವಾರಕ್ಕೆ ಅವರ ಬಲಗಾಲಿನ ಅಂಗಾಲಿಗೆ ಜಾಲಿಮುಳ್ಳು ಹೊಕ್ಕಿತು. ಹೊಕ್ಕಿದ್ದು ಅವರಿಗೆ ಗೊತ್ತೇ ಆಗಲಿಲ್ಲ. ಮೂರು ದಿನ ಹಾಗೇ ನಡೆದಾಡಿದ್ದಾರೆ. ಚಪ್ಪಲಿಯಲ್ಲಿ ರಕ್ತ ಕಂಡು ಅತ್ತೆ ಕೂಗಿಕೊಂಡ ಮೇಲೆ ನಾವು ಹೊಸದುರ್ಗದ ಆಸ್ಪತ್ರೆಗೆ ಕರೆದುಕೊಂಡು ಹೋದೆವು.

ಅಲ್ಲಿನ ಡಾಕ್ಟರಮ್ಮ ಸಣ್ಣ ವಯಸ್ಸಿನವರು, ಮಾತು ಮಾತ್ರ ಖಡಕ್ಕು. “ಯಜಮಾನ್ರೇ, ನಿಮಗೆ ಸಕ್ಕರೆ ಕಾಯಿಲೆ. ಮೂರು ತಿಂಗಳ ಸರಾಸರಿ ಹನ್ನೊಂದು ಇದೆ. ಅದು ಎಂಟಕ್ಕೆ ಇಳೀಬೇಕು, ಈ ಗಾಯ ಒಣಗಬೇಕು. ಆಮೇಲೆ ಕುರಿ ಹಿಂದೆ ಹೋಗೋ ಮಾತು. ಇಲ್ಲ ಅಂದ್ರೆ ಮೊದಲು ಬೆರಳು ತೆಗೀಬೇಕಾಗುತ್ತೆ, ಆಮೇಲೆ ಪಾದ.” ಹಾಗೆಂದು, “ಹೊತ್ತಿಗೆ ಎಷ್ಟು ಮುದ್ದೆ ಉಣ್ತೀರಿ?” ಎಂದು ಕೇಳಿದರು.

ಮಾವ ಸಂಕೋಚದಿಂದ ಎರಡು ಬೆರಳು ತೋರಿಸಿದರು. ನಾನು ಪಕ್ಕದಿಂದ “ಮೂರು” ಎಂದೆ. ಅತ್ತೆ “ಮ್ಯಾಲೆ ಒಂದಿಷ್ಟು ಅನ್ನ” ಎಂದು ಸೇರಿಸಿದರು. ಎಷ್ಟು ದೊಡ್ಡ ಮುದ್ದೆ ಎಂದು ಕೇಳಿದ್ದಕ್ಕೆ ನಾನು ಎರಡೂ ಕೈ ಸೇರಿಸಿ ತೋರಿಸಿದೆ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

ಶಿವುವಿನ ವ್ಯಾನಿನಲ್ಲೇ ವಾಪಸ್ ಬಂದೆವು. ಶಿವು ಶಾಲೆಯ ವ್ಯಾನು ಓಡಿಸುತ್ತಾನೆ, ಕುರಿ ಹತ್ತಿರ ಹೋದರೆ ಸೀನು ಹತ್ತಿ ಕಣ್ಣು ಕೆಂಪಾಗುವ ಗಿರಾಕಿ. ಮಾವ ಹೋಗದಿದ್ದರೆ ಕುರಿ ಹಿಂದೆ ಹೋಗುವವರು ನಮ್ಮ ಮನೆಯಲ್ಲಿ ಬೇರೆ ಯಾರೂ ಇಲ್ಲ. ಇಂಥ ಸುದ್ದಿಗೆ ಕಾಲು ಬೇರೆ ಬೇಕೆ? ನಾಲ್ಕೇ ದಿನಕ್ಕೆ ಹಿರಿಯೂರಿನ ಕುರಿ ವ್ಯಾಪಾರಿ ಚಿಕ್ಕತಿಮ್ಮಪ್ಪ ಹಟ್ಟಿಗೆ ಬಂದು ಒಂದೊಂದೇ ಕುರಿಯ ಬೆನ್ನು ಒತ್ತಿ ನೋಡಿದ. “ಯತ್ತಪ್ಪಣ್ಣ, ಕಾರ್ತಿಕದ ತನ್ಕ ಕಾಯ್ತೀನಿ. ನೀನು ಹೊರಡಂಗಿಲ್ಲ ಅಂದ್ರೆ ಅಷ್ಟನ್ನೂ ಒಟ್ಟಿಗೇ ಲಾರಿಗೆ ತುಂಬ್ಕಂಡು ಹೋಗ್ತೀನಿ” ಎಂದ. ಆ ಲಾರಿ ಎಲ್ಲಿಗೆ ಹೋಗುತ್ತದೆ ಎಂದು ಎಲ್ಲರಿಗೂ ಗೊತ್ತು. ಆವತ್ತು ಸಂಜೆ ಮಾವ ತಟ್ಟೆ ಮುಂದಿಟ್ಟುಕೊಂಡು ಹಾಗೇ ಕುಳಿತಿದ್ದರು. ಈ ಮನುಷ್ಯನನ್ನು ಕುರಿಯ ಹಿಂದೆ ಕಳಿಸಿಯೇ ತೀರುತ್ತೇನೆ ಎಂದು ನಾನು ಆಗಲೇ ಹಟ ತೊಟ್ಟದ್ದು.

ಸುದ್ದಿ ತಿಳಿದು ನನ್ನ ನಾದಿನಿ ಲತಾ ಚಿತ್ರದುರ್ಗದಿಂದ ಓಡಿಬಂದಳು. ಅವಳು ಅಲ್ಲಿ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಬ್ಯಾಗಿನಿಂದ ನಾಲ್ಕು ಪೊಟ್ಟಣ ತೆಗೆದು ನನ್ನ ಮುಂದೆ ಇಟ್ಟಳು. ಒಳಗೆ ಸಾಸಿವೆಗಿಂತ ತುಸು ದಪ್ಪನೆಯ ಬಿಳಿಚಿದ ಕಾಳು.

“ಕ್ವಿನೋವಾ ಅತ್ತಿಗೆ. ಮುದ್ದೆ ಬದಲು, ಅನ್ನದ ಬದಲು ಇದನ್ನ ಒಂದು ಬಟ್ಟಲು ಕೊಡು. ಸಕ್ಕರೆ ಒಂದೇ ಸಲ ಏರಲ್ಲ, ಬೇಗ ಹಸಿವೂ ಆಗಲ್ಲ. ಇದೇನು ಔಷಧಿ ಅಲ್ಲ ಮತ್ತೆ, ಮಾತ್ರೆ ಬಿಡಂಗಿಲ್ಲ.”

“ಸಾಮೆ ಬೆಳೆಯೋ ಸೀಮೆಗೆ ಇದನ್ನ ಹೊತ್ಕಂಡು ಬಂದಿದೀಯಲ್ಲೇ, ತಲೆ ಐತಾ ನಿಂಗೆ?” ಎಂದೆ.

ಲತಾ ನಕ್ಕು ಜಗಲಿಯಲ್ಲಿ ಕುಳಿತಿದ್ದ ಅಪ್ಪನ ಕಡೆ ಕಣ್ಣಲ್ಲೇ ತೋರಿಸಿದಳು. ಆಗ ನನಗೂ ನೆನಪಾಯಿತು. ಮಾವ ಸಾಮೆ ಮುಟ್ಟುವುದಿಲ್ಲ. ಅವರು ಚಿಕ್ಕವರಿದ್ದಾಗ ಮನೆಯಲ್ಲಿ ಮೂರು ಹೊತ್ತೂ ಸಾಮೆ ಗಂಜಿಯಂತೆ. ತಮ್ಮ ದುಡಿಮೆ ಶುರುವಾದ ದಿನದಿಂದ ಸಾಮೆ ಉಣ್ಣುವುದಿಲ್ಲ ಎಂದು ಆಣೆ ಇಟ್ಟವರು, ಇವತ್ತಿಗೂ ಉಂಡಿಲ್ಲ. ನವಣೆಯ ಮೇಲೂ ಅದೇ ಮುನಿಸು. ಈ ಹೊಸ ಕಾಳಿನ ಮೇಲೆ ಅವರಿಗೆ ಹಳೆಯ ಸಿಟ್ಟು ಯಾವುದೂ ಇರಲಿಲ್ಲ. ಲತಾ ಅಪ್ಪನನ್ನು ಚೆನ್ನಾಗಿ ಬಲ್ಲಳು.

ಮಾರನೆಯ ದಿನವೇ ಅಕ್ಕಿ ತೊಳೆಯುವ ಹಾಗೆ ಎರಡು ನೀರು ತೊಳೆದು, ಈರುಳ್ಳಿ, ಕರಿಬೇವು, ಹಸಿಮೆಣಸಿನಕಾಯಿ ಒಗ್ಗರಣೆ ಹಾಕಿ ಉಪ್ಪಿಟ್ಟು ಮಾಡಿದೆ. ಮುಚ್ಚಳ ತೆಗೆದರೆ ಪಾತ್ರೆಯ ತುಂಬ ಬಿಳಿ ಬಿಳಿ ಹುಳ! ಸಣ್ಣಗೆ ಸುರುಳಿ ಸುತ್ತಿಕೊಂಡಿವೆ. ಬಿಸಿಯೂಟದ ಅಡುಗೆಯವಳಿಗೆ ಹುಳ ಎಂದರೆ ಜೀವ ಬಾಯಿಗೆ ಬರುತ್ತದೆ. ಲತಾಳಿಗೆ ಫೋನ್ ಹಚ್ಚಿ ಬಾಯಿಗೆ ಬಂದಂತೆ ಬೈದೆ. ಅವಳು ನಗುತ್ತಾ, “ಹುಳ ಅಲ್ಲ ಕಣತ್ತಿಗೆ, ಬೆಂದ ಮೇಲೆ ಕಾಳು ಬಾಲ ಬಿಡುತ್ತೆ. ಬಾಲ ಬಂತು ಅಂದ್ರೆ ಬೆಂದಿದೆ ಅಂತ” ಎಂದಳು. ಆ ಬಾಲದ ಉಪ್ಪಿಟ್ಟನ್ನು ಮಾವನಿಗೆ ಬಡಿಸಿದೆ. ಒಂದು ತುತ್ತು ಬಾಯಿಗಿಟ್ಟು ತುಂಬಾ ಹೊತ್ತು ಹಾಗೇ ಇಟ್ಟುಕೊಂಡರು. ನಂತರ, “ಬೇವಿನಕಾಯಿ ಹಾಕಿದೀಯೇನವ್ವ?” ಎಂದು ಮೆತ್ತಗೆ ಕೇಳಿದರು. ನಾನು ಬಾಯಿಗೆ ಹಾಕಿಕೊಂಡು ನೋಡಿದೆ. ಕಹಿ, ಕಡು ಕಹಿ.

ಅಷ್ಟರಲ್ಲಿ ಕೊಟ್ಟಿಗೆಯಿಂದ ಅತ್ತೆಯ ಕೂಗು ಕೇಳಿಸಿತು. ಕಾಳು ತೊಳೆದ ನೀರನ್ನು ನಾನು ಅಭ್ಯಾಸಬಲದಿಂದ ಬಾನಿಗೆ ಸುರಿದಿದ್ದೆ. ಎಮ್ಮೆ ಮೂಸಿತು, ಫುಸ್ ಎಂದಿತು, ಎರಡು ಹೆಜ್ಜೆ ಹಿಂದೆ ಸರಿದು ನಿಂತಿತು.

“ನೋಡು, ನೋಡು! ಮೂಗಜೀವ ಒಲ್ಲೆ ಅಂದಿದ್ದನ್ನ ನನ್ನ ಗಂಡನ ಬಾಯಿಗೆ ಇಕ್ತೀಯೇನೇ? ಇನ್ನೊಂದ್ಸಲ ಈ ಕಾಳು ನನ್ನ ಒಲೆ ಮ್ಯಾಲೆ ಹತ್ತಕೂಡ್ದು.” ತೀರ್ಪು ಬಂತು.

ನಾನು ಬಿಡುವವಳಲ್ಲ. ಮೂರು ದಿನ ಬಿಟ್ಟು ಕಾಳನ್ನು ಮಿಲ್ಲಿಗೆ ಹಾಕಿಸಿ, ಹಿಟ್ಟು ಮಾಡಿಸಿ, ಮುದ್ದೆಗೇ ಇಳಿದೆ. ಮುದ್ದೆ ಮನುಷ್ಯನಿಗೆ ಮುದ್ದೆ ಆಕಾರದಲ್ಲೇ ಕೊಟ್ಟರೆ ಹೋದೀತು ಎಂಬ ಲೆಕ್ಕ ನನ್ನದು. ಎಸರು ಕುದಿಸಿ, ಹಿಟ್ಟು ಸುರಿದು, ಪಾತ್ರೆಯನ್ನು ಎರಡು ಕಾಲಲ್ಲಿ ಒತ್ತಿ ಹಿಡಿದು ಮುದ್ದೆ ಕೋಲಿನಿಂದ ತಿರುವಿದೆ, ತಿರುವಿದೆ, ತೋಳು ಬಿದ್ದುಹೋಗುವಷ್ಟು ತಿರುವಿದೆ. ತಟ್ಟೆಗೆ ಹಾಕಿದ ಮುದ್ದೆ ಮಾವ ಕೈ ಇಡುವ ಮೊದಲೇ ಬಿರುಕು ಬಿಟ್ಟು ಕುಸಿಯಿತು. ಕಹಿಯಂತೂ ಎರಡರಷ್ಟು. “ಬಿಡವ್ವ, ನಿನ್ನ ಕೈ ನೋಯಿಸ್ಕಬ್ಯಾಡ” ಎಂದರು ಮಾವ. ಅವರು ಬೈದಿದ್ದರೆ ಚೆನ್ನಾಗಿತ್ತು. ಸಿಟ್ಟು ನೆತ್ತಿಗೇರಿ, ಇನ್ನೊಂದು ಪೊಟ್ಟಣ ನೆನೆಸಿಟ್ಟಿದ್ದ ನೀರನ್ನು ಬಾಗಿಲ ಮುಂದಿನ ಚಪ್ಪಡಿಯ ಮೇಲೆ ರಪ್ಪನೆ ಚೆಲ್ಲಿ ಒಳಗೆ ಬಂದೆ.

ಸ್ವಲ್ಪ ಹೊತ್ತಿಗೆ ಮಾವ ಕರೆದರು. ಜಗಲಿಯಿಂದ ಬಗ್ಗಿ ಚಪ್ಪಡಿಯ ಮೇಲೆ ನಿಂತ ನೊರೆಯನ್ನು ಎರಡು ಬೆರಳಲ್ಲಿ ಉಜ್ಜಿ ಉಜ್ಜಿ ನೋಡುತ್ತಿದ್ದರು.

“ಗಂಗಾ, ಇದು ಅಂಟುವಾಳದ ನೊರೆ ಇದ್ದಂಗೈತಲ್ಲವ್ವ. ಇನ್ನೂ ಇಳ್ದಿಲ್ಲ ನೋಡು. ಕಹಿ ಇರೋದು ಕಾಳಿನ ಒಳಗಲ್ಲ, ಮೈಮ್ಯಾಲೆ. ನೀನು ಅಕ್ಕಿ ತೊಳ್ದಂಗೆ ತೊಳ್ದಿದೀಯ. ಇದನ್ನ ಕಂಬಳಿ ತೊಳ್ದಂಗೆ ತೊಳೀಬೇಕು. ತಾ ಇಲ್ಲಿ.”

ಪ್ರತಿ ವರ್ಷ ಹೊರಡುವ ಮುಂಚೆ ಮಾವ ತಮ್ಮ ಕಂಬಳಿಯನ್ನು ತಾವೇ ಅಂಟುವಾಳದಲ್ಲಿ ತೊಳೆಯುತ್ತಾರೆ, ಬೇರೆಯವರ ಕೈಗೆ ಕೊಡುವುದಿಲ್ಲ. ಈಗ ಗಾಯದ ಕಾಲನ್ನು ಮಣೆಯ ಮೇಲೆ ಚಾಚಿಕೊಂಡೇ, ಹಳೆಯ ಪಂಚೆಯ ತುಂಡಿನಲ್ಲಿ ಕಾಳು ಕಟ್ಟಿ, ಬಕೆಟ್ಟಿನಲ್ಲಿ ಅದ್ದಿ, ಎರಡು ಅಂಗೈಗಳ ನಡುವೆ ಗಂಟನ್ನು ಮೆಲ್ಲಗೆ ಹೊರಳಿಸಿದರು. ಹಿಂಡಲಿಲ್ಲ. ನೀರು ಚೆಲ್ಲಿ, ಹೊಸ ನೀರು ಹಾಕಿಸಿ, ಮತ್ತೆ ಹೊರಳಿಸಿದರು. “ನೊರೆ ನಿಂತ್ಕಂಡ್ರೆ ಇನ್ನೂ ಕಹಿ ಐತೆ ಅಂತ. ಕುಂತ್ಕಂಡ್ರೆ ಮುಗೀತು.” ಏಳನೇ ನೀರಿಗೆ ನೊರೆ ಕುಳಿತಿತು. ನೂರೆಂಬತ್ತು ಮಕ್ಕಳ ಅಡುಗೆಯವಳು ಕಾಳು ತೊಳೆಯುವುದನ್ನು ಕುರಿಯವರಿಂದ ಕಲಿಯಬೇಕಾಯಿತು. ಏನು ಮಾಡುವುದು, ಹೌದಾದದ್ದು ಹೌದು.

ಕುರಿ ಮಂದೆಯಲ್ಲಿ ಐದು ಜನರಿಗೂ ಅಡುಗೆ ಮಾಡುವವರು ಮಾವನೇ. ಅವರ ಕೈರುಚಿಯನ್ನು ಜೊತೆಗಾರ ಕೆಂಚಣ್ಣ ಹಾಡಿ ಹೊಗಳುತ್ತಾನೆ. ನಾವು ಮನೆಯವರು ಮಾತ್ರ ಒಂದು ತುತ್ತೂ ಉಂಡಿರಲಿಲ್ಲ, ಯಾಕೆಂದರೆ ನಮ್ಮಲ್ಲಿ ಗಂಡಸರು ಮನೆಯ ಒಲೆ ಮುಟ್ಟುವುದಿಲ್ಲ. ಆವತ್ತೂ ಅವರು ಹೊಸ್ತಿಲಾಚೆಯಿಂದಲೇ ಹೇಳಿದರು: ಕಾಳನ್ನು ಘಮ್ಮೆನ್ನುವ ತನಕ ಹುರಿ, ಒಂದಕ್ಕೆ ಎರಡು ನೀರು, ತೊಗರಿಬೇಳೆ ಜೊತೆಗೆ ಒಂದು ಹಿಡಿ ಹೆಚ್ಚಾಗೇ ಸೊಪ್ಪು, ಬೆಳ್ಳುಳ್ಳಿ ಜಜ್ಜಿ ಕೊನೆಯಲ್ಲಿ ಹಾಕು. ಹಾಗೇ ಮಾಡಿದೆ. ಕಹಿ ಎಲ್ಲಿತ್ತೋ ಎಲ್ಲಿ ಹೋಯಿತೋ. ಮಾವ ಒಂದು ಬಟ್ಟಲು ಉಂಡು, ತಟ್ಟೆಯಲ್ಲೇ ಕೈ ತೊಳೆದು, “ಇದನ್ನ ಮಂದೇಲೂ ಮಾಡ್ಕಬೌದು” ಎಂದರು. ನನಗೆ ಕುಣಿಯುವಷ್ಟು ಖುಷಿಯಾಯಿತು.

ಏಳನೇ ನೀರನ್ನು ಬೇಕೆಂದೇ ಬಾನಿಗೆ ಸುರಿದು ಎಮ್ಮೆಯ ಮುಂದೆ ಇಟ್ಟೆ. ಎಮ್ಮೆ ಮೂಸಿತು. ಬಾಯಿಟ್ಟು ತಳ ಕಾಣುವ ತನಕ ಹೀರಿತು. “ಈಗೇನಂತೀರಿ ಅತ್ತೆ?” ಎಂದು ಸೊಂಟದ ಮೇಲೆ ಕೈಯಿಟ್ಟು ನಿಂತೆ. ಅತ್ತೆ ಬಾನಿ ಎತ್ತಿಕೊಂಡು ಹೋದರು. ತಮ್ಮ ಎಮ್ಮೆಯೇ ಒಪ್ಪಿದರೂ ಅವರ ಮುಖ ಯಾಕೆ ಅರಳಲಿಲ್ಲ ಎಂದು ನಾನು ಯೋಚಿಸಲಿಲ್ಲ, ಗೆದ್ದ ಸಡಗರದಲ್ಲಿದ್ದೆ.

ಅಲ್ಲಿಂದ ದಿನವೂ ಬೆಳಿಗ್ಗೆ ಏಳು ನೀರು ತೊಳೆದು, ಬೇಯಿಸಿ, ಡಬ್ಬಿಯಲ್ಲಿ ಮುಚ್ಚಿಟ್ಟು ಶಾಲೆಗೆ ಹೋಗುತ್ತಿದ್ದೆ. ಮಧ್ಯಾಹ್ನ ಅತ್ತೆ ಬಡಿಸಬೇಕು. ಮಾತ್ರೆ ತಪ್ಪಿಸುತ್ತಿರಲಿಲ್ಲ, ಗಾಯಕ್ಕೆ ಪಟ್ಟಿ ತಪ್ಪಿಸುತ್ತಿರಲಿಲ್ಲ. ಎರಡು ವಾರಕ್ಕೊಮ್ಮೆ ಉಪಕೇಂದ್ರದ ಸಿಸ್ಟರು ಬೆರಳು ಚುಚ್ಚಿ ಆ ಹೊತ್ತಿನ ಸಕ್ಕರೆ ನೋಡುತ್ತಿದ್ದರು. ಮೊದಲು ಮುನ್ನೂರ ಹತ್ತು. ಎರಡು ವಾರಕ್ಕೆ ಮುನ್ನೂರ ನಾಲ್ಕು. ಇನ್ನೆರಡು ವಾರಕ್ಕೆ ಮತ್ತೆ ಮುನ್ನೂರ ಹತ್ತು. ಗಾಯ ಒದ್ದೆಯಾಗೇ ಇತ್ತು. ಚಿಕ್ಕತಿಮ್ಮಪ್ಪ ದಾರಿಯಲ್ಲಿ ಸಿಕ್ಕಿದಾಗಲೆಲ್ಲಾ “ಮಾವ ಹೆಂಗವ್ರೆ?” ಎಂದು ಕೇಳುತ್ತಿದ್ದ, ನನಗೆ ಅವನ ಮುಖ ನೋಡಿದರೆ ಮೈ ಉರಿಯುತ್ತಿತ್ತು.

ಆಗಲೇ ನಾನು ಗಮನಿಸಿದ್ದು. ಮೂರು ಗಂಟೆಗೆ ಶಾಲೆಯಿಂದ ಬಂದಾಗ ಗೋಡೆಗೆ ಒರಗಿಸಿಟ್ಟ ಮುದ್ದೆ ಕೋಲು ಒದ್ದೆಯಾಗಿತ್ತು. ನಾವು ಮುದ್ದೆ ಮಾಡುವುದು ರಾತ್ರಿ, ಶಿವುಗೆ. ಮಾರನೆಯ ದಿನ ಮುಟ್ಟಿ ನೋಡಿದೆ, ಒದ್ದೆ. ಅದರ ಮಾರನೆಯ ದಿನವೂ ಒದ್ದೆ.

“ಎತ್ತು ಏರಿಗೆ ಎಳೆದ್ರೆ ಕೋಣ ನೀರಿಗೆ ಎಳೀತಂತೆ!” ಎಂದು ಮಾವನ ಮೇಲೆ ಹರಿಹಾಯ್ದೆ. “ನಾನು ಬೆಳಗೆದ್ದು ಏಳು ನೀರು ತೊಳೀತೀನಿ, ನೀವು ಅತ್ತೆ ಕೈಲಿ ಮುದ್ದೆ ಮಾಡಿಸ್ಕಂಡು ಕದ್ದು ಉಣ್ತೀರಾ? ಆ ಕುರಿ ಮಕ ನೋಡ್ಕಂಡಾದ್ರೂ ಬಾಯಿ ಕಟ್ಟಾಕಾಗಲ್ವಾ ನಿಮಗೆ?” ಮಾವ ತಲೆ ತಗ್ಗಿಸಿ, “ತಪ್ಪಾತು ಕಣವ್ವ” ಎಂದರು. ಒಳಗೆ ಅತ್ತೆ ಪಾತ್ರೆ ಉಜ್ಜುತ್ತಲೇ ಇದ್ದರು. ತಪ್ಪಾಯಿತು ಎಂದವರು ಮತ್ತೆ ಮಾಡುವುದಿಲ್ಲ ಎಂದುಕೊಂಡೆ. ಮಾರನೆ ದಿನ ಕೋಲು ಮತ್ತೆ ಒದ್ದೆ.

ದಸರಾ ರಜೆಗೆ ಒಂದು ವಾರವಿತ್ತು. ಶಾಲೆ ಬಿಟ್ಟ ಮೇಲೆ ಹೊಸದುರ್ಗಕ್ಕೆ ಹೋಗುತ್ತೇನೆ, ಬರುವುದು ಸಂಜೆ ಎಂದು ಮನೆಯಲ್ಲಿ ಸುಳ್ಳು ಹೇಳಿದೆ. ಮಕ್ಕಳಿಗೆ ಬಡಿಸಿ, ಉಳಿದ ಕೆಲಸವನ್ನು ಜೊತೆಯವಳಿಗೆ ಒಪ್ಪಿಸಿ, ಒಂದೂವರೆಗೆ ಹಿತ್ತಲ ಬಾಗಿಲಿನಿಂದ ಒಳಗೆ ಬಂದೆ.

ಮಾವ ಕುಳಿತಿದ್ದರು. ಅತ್ತೆ ಬಗ್ಗಿ, ಆವಿಯಾಡುವ ಮುದ್ದೆಯನ್ನು ತಟ್ಟೆಗೆ ಇಟ್ಟು, ನಡುವೆ ಕುಳಿ ಮಾಡಿ ಸಾರು ಬಿಡುತ್ತಿದ್ದರು. ನನ್ನ ಡಬ್ಬಿ ಮೂಲೆಯಲ್ಲಿ ಮುಚ್ಚಿದಂತೇ ಇತ್ತು. ಬೇಲಿಯೇ ಎದ್ದು ಹೊಲ ಮೇಯುತ್ತಿತ್ತು.

“ಅತ್ತೆ!” ನಾನು ಕಿರುಚಿದ್ದಕ್ಕೆ ಕೊಟ್ಟಿಗೆಯ ಎಮ್ಮೆ ಕೂಗಿಕೊಂಡಿತು.

ಅತ್ತೆ ನೆಟ್ಟಗೆ ನಿಂತರು. ಬೆಚ್ಚಲಿಲ್ಲ, ಸುಳ್ಳು ಹೇಳಲಿಲ್ಲ. “ಹೂಂ ಕಣೇ, ನಾನೇ ಕೊಟ್ಟೆ. ದಿನಾ ಕೊಟ್ಟೆ. ಅವ್ರು ಹೋಗ್ಲಿ ಅಂತ ನೀನು ಏಳು ನೀರು ತೊಳೀತೀಯ. ಹೋಗ್ಲಿ ಅನ್ನಾಕೆ ನಿಂಗೇನು? ಸಂಜೆ ಆದ್ರೆ ನಿನ್ನ ಗಂಡ ಮನೆಗೆ ಬತ್ತಾನೆ. ನಾನು ಈ ಮನೆಗೆ ಬಂದು ನಲವತ್ತೊಂದು ವರ್ಷ ಆತು. ಅರ್ಧ ವರ್ಷ ಗಂಡ, ಅರ್ಧ ವರ್ಷ ಹಾದಿ ನೋಡಾದು. ಶಿವು ಹುಟ್ಟಿದಾಗ ಇರ್ಲಿಲ್ಲ. ಲತಾ ಹುಟ್ಟಿದಾಗ ಇರ್ಲಿಲ್ಲ. ನಮ್ಮವ್ವ ಸತ್ತಾಗ ಮಣ್ಣಿಗೂ ಬರ್ಲಿಲ್ಲ. ಸಕ್ಕರೆ ಇಳೀದಿದ್ರೆ ಮನೇಲಿರ್ತಾರೆ ಅಂತ ಡಾಕ್ಟ್ರು ಅಂದ್ರಲ್ಲ. ಇಳೀದೇ ಇರ್ಲಿ ಅಂದ್ಕಂಡೆ. ನಂಗೂ ಆಸೆ ಇರಲ್ವೇನೇ?”

ಹನ್ನೊಂದು ವರ್ಷ ಒಂದೇ ಒಲೆಯ ಮುಂದೆ ಬೆಂದಿದ್ದೇವೆ, ಈ ಹೆಂಗಸಿನ ಬಾಯಲ್ಲಿ ‘ನಂಗೂ ಆಸೆ’ ಎಂಬ ಮಾತು ನಾನು ಕೇಳಿರಲಿಲ್ಲ. ಆದರೂ ಹೇಳದೆ ವಿಧಿಯಿರಲಿಲ್ಲ. “ಮನೇಲಿ ಉಳೀತಾರೆ ಅತ್ತೆ. ಆದ್ರೆ ಕಾಲು ಇಲ್ದೆ ಉಳೀತಾರೆ. ಡಾಕ್ಟ್ರು ಅಂದಿದ್ದು ನೀವೂ ಕೇಳಿಸ್ಕಂಡ್ರಲ್ಲ.”

“ಏ ಹೋಗೇ, ಮುದ್ದೆಗೆ ಕಾಲು ಹೋಗುತ್ತೇನೇ? ಮುದ್ದೆ ಉಂಡೇ ಬೆಳೆದಿರೋದು” ಎಂದು ಗದರಿದರು. ಆಮೇಲೆ ಮಾವನ ಪಾದದ ಒದ್ದೆ ಪಟ್ಟಿಯ ಕಡೆ ನೋಡಿದರು. ದನಿ ಇಳಿಯಿತು. “ಹೋಗುತ್ತಾ?”

ಮಾವ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ್ದರು. “ಒಂದಿನಾನೂ ಹೇಳ್ಲಿಲ್ವಲ್ಲೇ ಓಬವ್ವ.”

“ಒಂದಿನಾನಾದ್ರೂ ಕೇಳಿದ್ರಾ ನೀವು?”

ಮಾವ ನನ್ನ ಕಡೆ ತಿರುಗಿ, ತಾವೇ ತಪ್ಪಿತಸ್ಥರೆಂಬಂತೆ ಹೇಳಿದರು: “ಆರು ತಿಂಗ್ಳು ಇವಳ ಕೈ ಊಟ ಇಲ್ದೆ ಇರ್ತೀನಿ ಕಣವ್ವ. ಇರೋ ಆರು ತಿಂಗ್ಳು ಇವಳು ತಟ್ಟೆ ಇಟ್ರೆ ಬ್ಯಾಡ ಅನ್ನಾಕೆ ನಂಗೆ ಬರಲ್ಲ.” ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡು ಹಿತ್ತಲಿಗೆ ಹೋದರು. ಅಳುವುದನ್ನು ಎಮ್ಮೆಗಷ್ಟೇ ತೋರಿಸುವವರು ಅವರು. ನಾನು ಆ ಮುದ್ದೆಯನ್ನು ಎತ್ತಿಟ್ಟೆ. ಬೈಯಬೇಕೆಂದು ಬಂದವಳು ನಾನೂ ಅತ್ತುಬಿಟ್ಟೆ.

ಮಾರನೆಯ ದಿನ ಬೆಳಿಗ್ಗೆ ಎದ್ದು ಬಂದರೆ ಮಾವ ಒಲೆಯ ಮುಂದೆ ಕುಳಿತಿದ್ದರು. ಏಳು ನೀರು ತೊಳೆದ ಕಾಳು ಪಾತ್ರೆಯಲ್ಲಿ ಘಮ್ಮೆನ್ನುತ್ತಿತ್ತು. ಅತ್ತೆ ಬಾಗಿಲ ಚೌಕಟ್ಟಿಗೆ ಒರಗಿ, “ಅಯ್ಯೋ ಏಳ್ರಿ, ಯಾರಾರ ನೋಡಿದ್ರೆ ಏನಂದ್ಕಂತಾರೆ” ಎಂದು ಪಿಸುಗುಡುತ್ತಿದ್ದರು. “ಏನಾರ ಅಂದ್ಕಳ್ಳಿ. ಇನ್ ಮ್ಯಾಲೆ ನನ್ನ ಅಡುಗೆ ನಂದು. ನೀನು ತಟ್ಟೆ ಇಡೋದೇ ಬ್ಯಾಡ, ಆಗ ನಾನು ಬ್ಯಾಡ ಅನ್ನೋದೂ ಬರಲ್ಲ” ಎಂದರು ಮಾವ. ಬೆಂದ ಮೇಲೆ, “ಬಾ, ನೀನೂ ಕುಂತ್ಕ, ಬಡಿಸ್ತೀನಿ” ಎಂದು ಕರೆದರು. ಅತ್ತೆ ಒಪ್ಪಲಿಲ್ಲ. ಎಲ್ಲರದೂ ಆದ ಮೇಲೆ ಒಲೆಯ ಪಕ್ಕ ನಿಂತು, ಪಾತ್ರೆಯ ತಳದಲ್ಲಿ ಉಳಿದದ್ದನ್ನು ಬಾಯಿಗೆ ಹಾಕಿಕೊಂಡರು. ಅತ್ತೆ ಕುಳಿತು ಉಂಡದ್ದನ್ನು ನಾನು ಇವತ್ತಿನವರೆಗೂ ಕಂಡಿಲ್ಲ. ಹೇಗಿತ್ತು ಎಂದು ಕೇಳಿದರೆ, “ಉಪ್ಪು ಕಮ್ಮಿ” ಎಂದರು.

ಅಲ್ಲಿಂದ ಮಧ್ಯಾಹ್ನದ ಹೊತ್ತು ಕೋಲು ಒಣಗಿಯೇ ಇತ್ತು. ದಸರಾ ಕಳೆಯಿತು, ದೀಪಾವಳಿ ಕಳೆಯಿತು. ಬೆರಳು ಚುಚ್ಚಿದರೆ ಇನ್ನೂರ ನಲವತ್ತು, ನೂರ ತೊಂಬತ್ತು, ನೂರ ಅರವತ್ತು. ಪಟ್ಟಿ ಬಿಚ್ಚಿದಾಗ ಬಟ್ಟೆ ಅಂಟದ ದಿನ ಅತ್ತೆ ಊರ ದೇವರಿಗೆ ಕಾಯಿ ಒಡೆಸಿದರು. ಒಡೆಸಿಕೊಂಡು ಬಂದು ಮಂಕಾಗಿ ಕುಳಿತರು. ಗಾಯ ವಾಸಿಯಾಗುವುದು ಎಂದರೆ ಗಂಡ ಹೊರಡುವುದು ಎಂದೇ ಅರ್ಥ. ನನಗೆ ಗೆದ್ದ ಖುಷಿಯಿತ್ತು, ಅವರ ಮುಖ ನೋಡಿ ಅದನ್ನು ತೋರಿಸಿಕೊಳ್ಳಲಿಲ್ಲ. ಆದರೂ ಒಂದು ಮಧ್ಯಾಹ್ನವೂ ಅವರು ಕೋಲು ಮುಟ್ಟಲಿಲ್ಲ.

ಕಾರ್ತಿಕದ ಕೊನೆಯ ವಾರ ಮತ್ತೆ ಹೊಸದುರ್ಗಕ್ಕೆ ಹೋದೆವು. ಡಾಕ್ಟರಮ್ಮ ಚೀಟಿ ನೋಡಿದರು. “ಎಂಟು ಪಾಯಿಂಟ್ ಎರಡು.” ಎಂಟು ಬೇಕಿತ್ತು. ಅವರು ಮಾವನ ಪಾದವನ್ನು ತಮ್ಮ ಮೊಣಕಾಲ ಮೇಲಿಟ್ಟುಕೊಂಡು ಒತ್ತಿ ಒತ್ತಿ ನೋಡಿದರು. “ಗಾಯ ಒಣಗಿದೆ. ಸಕ್ಕರೆ ಕೂದಲೆಳೆಯಲ್ಲಿ ತಪ್ಪಿದೆ. ಅದಕ್ಕಲ್ಲ ನನ್ನ ಭಯ. ನಿಮಗೆ ಅಂಗಾಲಲ್ಲಿ ಸ್ಪರ್ಶವೇ ಇಲ್ಲ. ಮುಳ್ಳು ಹೊಕ್ಕರೂ ಗೊತ್ತಾಗಲ್ಲ. ದಿನಾ ಸಂಜೆ ಯಾರಾದ್ರೂ ಪಾದ ನೋಡಬೇಕು, ಬೆರಳ ಸಂದಿ ನೋಡಬೇಕು. ಅಲ್ಲಿ ಗದ್ದೇಲಿ ಯಾರು ನೋಡ್ತಾರೆ?”

“ಕೆಂಚಣ್ಣ ಇರ್ತಾನೆ” ಎಂದರು ಮಾವ.

“ಅವನಿಗೆ ಕಣ್ಣು ಪೊರೆ, ಕುರೀನೇ ಕಾಣಲ್ಲ” ಎಂದರು ಅತ್ತೆ. ಡಾಕ್ಟರಮ್ಮ ಚೀಟಿ ಮಡಿಸತೊಡಗಿದರು. ಮಾವ ಚಪ್ಪಲಿಯ ಕಡೆ ಕಣ್ಣು ನೆಟ್ಟರು. ಮುಗಿಯಿತು, ಚಿಕ್ಕತಿಮ್ಮಪ್ಪನ ಲಾರಿ ಬಂತು ಎಂದುಕೊಂಡೆ. ಅತ್ತೆ ಒಂದು ಮಾತೂ ಆಡದೆ ಸುಮ್ಮನಿದ್ದರೆ ಸಾಕಿತ್ತು, ನಲವತ್ತೊಂದು ವರ್ಷದ ಆಸೆ ಅವರ ಸೆರಗಿಗೆ ಬೀಳುತ್ತಿತ್ತು.

“ನಾನ್ ನೋಡ್ತೀನಿ” ಎಂದರು ಅತ್ತೆ.

“ನೀವು ಮನೇಲಿರ್ತೀರಲ್ಲಮ್ಮ?”

“ಇಲ್ಲ. ಜತೀಗೆ ಹೋಗ್ತೀನಿ.”

“ಹಾಗಾದ್ರೆ ಹೋಗಬಹುದು” ಎಂದು ಡಾಕ್ಟರಮ್ಮ ಚೀಟಿ ಮತ್ತೆ ಬಿಚ್ಚಿ ಮಾತ್ರೆ ಬರೆಯತೊಡಗಿದರು. ಮಾವ ಹೆಂಡತಿಯ ಮುಖವನ್ನು ಮೊದಲ ಸಲ ಕಂಡವರಂತೆ ನೋಡಿದರು. ನನ್ನ ಬಾಯಿಂದ ಹೊರಟದ್ದು ಒಂದೇ ಮಾತು: “ಮತ್ತೆ ಎಮ್ಮೆ?”

“ಎಮ್ಮೆ ನೀನ್ ನೋಡ್ಕ” ಎಂದು ಅತ್ತೆ ಸೆರಗು ಸರಿಮಾಡಿಕೊಂಡರು. “ಏಳ್ರಿ, ಹೋಗಾಣ. ಕಂಬಳಿ ತೊಳೀಬೇಕು.”

ಆರನೇ ದಿನ ಹೊರಟರು. ಲತಾ ಕಳಿಸಿದ ಕಾಳಿನ ಚೀಲ, ಬೇಳೆ, ಮಾತ್ರೆಯ ಡಬ್ಬಿ, ಎರಡು ಕಂಬಳಿ, ಎಲ್ಲವನ್ನೂ ಕತ್ತೆಯ ಮೇಲೆ ಹೇರಿದರು. ಕೊನೆಯಲ್ಲಿ ಅತ್ತೆ ಮುದ್ದೆ ಕೋಲನ್ನೂ ಸಿಕ್ಕಿಸಿದರು. ನಾನು ಕಣ್ಣು ಬಿಟ್ಟೆ. “ವಾರಕ್ಕೊಂದು, ನಿಂಬೆಹಣ್ಣಿನ ಗಾತ್ರದ್ದು ಕೊಡಬೌದು ಅಂದವ್ರೆ ಡಾಕ್ಟ್ರು. ಕೇಳ್ಕಂಡಿದೀನಿ” ಎಂದು ಗದರಿದರು. ಕುರಿಯ ಹಿಂದೆ ಅತ್ತೆ ನಡೆದು ಹೋಗುವುದನ್ನು ಇಡೀ ಹಟ್ಟಿ ನಿಂತು ನೋಡಿತು. ಅವರು ಒಮ್ಮೆ ಮಾತ್ರ ತಿರುಗಿ ನೋಡಿದರು, ಅದೂ ಕೊಟ್ಟಿಗೆಯ ಕಡೆಗೆ.

ಎಮ್ಮೆ ನನಗೆ ಎರಡು ಸಲ ಒದೆಯಿತು. ಬಾನಿಯನ್ನು ಮೂಸಿ ಮೂಸಿ ಬಿಟ್ಟಿತು. ಅದು ಹುಡುಕುತ್ತಿದ್ದದ್ದು ಕಲಗಚ್ಚಿನಲ್ಲಿ ಇರಲಿಲ್ಲ ಎಂದು ನನಗೂ ಗೊತ್ತು. ಮನೆ ನನಗೂ ಬಿಕೋ ಎನ್ನುತ್ತಿತ್ತು. ಬೈಯುವುದಕ್ಕೆ ಜನವಿಲ್ಲದೆ ಶಿವುವಿನ ಮೇಲೆ ಎಗರಾಡಿದೆ.

ಒಂಬತ್ತನೇ ದಿನ ಮಧ್ಯಾಹ್ನ ಅತ್ತೆಯ ಫೋನ್ ಬಂತು. ಹಿಂದೆ ಕುರಿಗಳ ಸದ್ದು, ಯಾರೋ ನಗುತ್ತಿರುವ ಸದ್ದು.

“ಎಮ್ಮೆ ಹಾಲು ಕೊಡ್ತೈತಾ?”

“ಒದೀತೈತೆ. ಮಾವನ ಕಾಲು ಹೆಂಗೈತೆ?”

“ಒಣಗೈತೆ. ನೆನ್ನೆ ಒಂದು ಮುಳ್ಳು ಹೊಕ್ಕಿತ್ತು, ಸಂಜೇನೆ ತೆಗ್ದೆ. ಅವ್ರಿಗೆ ಗೊತ್ತೇ ಆಗಿರ್ಲಿಲ್ಲ ನೋಡು.”

“ಊಟ ಆತಾ ಅತ್ತೆ? ಅಡುಗೆ ಆದ್ರೂ ನಿಮ್ಮ ಕೈಗೆ ಕೊಟ್ರಾ?”

ಆ ಕಡೆ ತಟ್ಟೆಗೆ ಸೌಟು ತಾಗಿದ ಸದ್ದು ಕೇಳಿಸಿತು. ಆಮೇಲೆ ಅತ್ತೆ ಪಿಸುದನಿಯಲ್ಲಿ, ಯಾರಿಗೂ ಹೇಳಬಾರದ ಸುದ್ದಿ ಹೇಳುವವರ ಹಾಗೆ ಹೇಳಿದರು:

“ಈಗ ಇಡು ಕಣೇ, ಆಮ್ಯಾಲೆ ಮಾತಾಡ್ತೀನಿ. ನಿಮ್ಮ ಮಾವ ಬಡಿಸ್ತಾ ಅವ್ರೆ. ನಾನು ಕುಂತ್ಕಂಡಿದೀನಿ.”